ದೊರೆಯ ಕೈಗಳು

ಹದಿನೇಳನೆಯ ಸಲವೂ ಬೀರಲಿಂಗ ರೊಟ್ಟಿಯನ್ನು ಸರಿಯಾಗಿಯೇ ಮುರಿದ. ಮುರಿದ ಕೂಡಲೇ ತಪ್ಪು ಅವನಿಗೇ ಗೊತ್ತಾಯಿತು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅಂಚನ್ನು ಒತ್ತಿತ್ತು. ಉಳಿದ ಬೆರಳುಗಳು ಚೂರನ್ನು ಮಡಿಚಿ, ಬದನೆಕಾಯಿ ಪಲ್ಯದ ಎಣ್ಣೆಯನ್ನು ಬದಿಗೆ ಸರಿಸಿ, ನಡುವಿನಿಂದ ಎತ್ತಿಕೊಂಡಿದ್ದವು. ನಲವತ್ತೇಳು ವರ್ಷಗಳಿಂದ ಮಾಡಿದ ಕೆಲಸ. ಕ್ಯಾಮೆರಾ ನೋಡುತ್ತಿದ್ದದ್ದು ಆ ಕೈಗಳನ್ನು ಮಾತ್ರ. ಜಕ್ಕಲಿಯ ಹಳೆಯ ವಾಡೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ ಅವನ ಮುಖ, ಎದೆ, ಮೊಣಕಾಲು ಯಾವುದೂ ಅದಕ್ಕೆ ಬೇಕಾಗಿರಲಿಲ್ಲ. ಮುಂಬೈಯಿಂದ ಬಂದಿದ್ದ ನಿರ್ದೇಶಕ ಸಿಟ್ಟು ಮಾಡುವವನಲ್ಲ. ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಹಿಂದಿಯಲ್ಲಿ ಏನೋ ಹೇಳಿದ. ಅವನ ಸಹಾಯಕಿ ನಾಜಮೀನ, ಹುಬ್ಬಳ್ಳಿಯ ಹುಡುಗಿ, ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತಳು.

"ಬೀರಲಿಂಗಣ್ಣಾ, ನೀವು ಭಾಳ ಚಲೋ ತಿನ್ನಾಕತ್ತೀರಿ. ತ್ರಾಸ ಆಗಿರೂದ ಅದು. ಸಿನಿಮಾದಾಗಿನ ಈ ಇಂಗ್ಲಿಷ್ ಸಾಹೇಬ ರೊಟ್ಟಿ ನೋಡೂದ ಇದ ಮೊದಲನೇ ಸಲ. ಹ್ಯಾಂಗ ಹಿಡೀಬೇಕಂತ ಅವಗ ಗೊತ್ತಿಲ್ಲ."

"ಗೊತ್ತಿದ್ದದ್ದು ಗೊತ್ತಿಲ್ಲದಂಗ ಹ್ಯಾಂಗ ಮಾಡೂದವ್ವಾ?"

ನಾಜಮೀನ ನಕ್ಕಳು. "ಮುಂಬೈದಾಗ ನಾ ದಿನಾ ಅದನ್ನ ಮಾಡ್ತೀನ್ರಿ. ಮೊದಲ ಎಂಟು ದಿನ ತ್ರಾಸ ಆಗತೈತಿ. ಆಮ್ಯಾಲೆ ಖರೇನ ಗೊತ್ತಿರಂಗಿಲ್ಲ."

ವಾರದ ಹಿಂದೆ ಅವಳು ಅವನನ್ನು ನೋಡಿದ್ದು ಬಸ್ಸಿನಲ್ಲಿ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಅವನು. ಟಿಕೆಟ್ ಹರಿದುಕೊಟ್ಟಾಗ ಆ ಹುಡುಗಿ ಟಿಕೆಟ್ಟನ್ನು ಬಿಟ್ಟು ಕೈಯನ್ನೇ ನೋಡುತ್ತ ಕೂತಿದ್ದಳು. ನೋಡುವುದು ಹೊಸದಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ತುಟಿಯ ಮೂಲೆಯಲ್ಲಿ ಎದ್ದ ಬಿಳಿ ಚುಕ್ಕೆ ಹತ್ತು ವರ್ಷಗಳಲ್ಲಿ ಅವನ ಮೈಯನ್ನೆಲ್ಲ ತಿಂದುಹಾಕಿತ್ತು. ಮೊದಲು ಕರಿಯ ಮೈಮೇಲೆ ಬಿಳಿಯ ಕಲೆಗಳಿದ್ದವು, ಆಮೇಲೆ ಬಿಳಿಯ ಮೈಮೇಲೆ ಕರಿಯ ಕಲೆಗಳಾದವು, ಕೊನೆಗೆ ಅವೂ ಹೋದವು. ಡಿಪೋದಲ್ಲಿ ಅವನಿಗೆ ‘ದೊರಿ’ ಎಂಬ ಹೆಸರು ಬಿತ್ತು. ದೊರಿ ಬಂದ, ದೊರಿ ಹೋದ, ದೊರಿಗೆ ಬ್ಯಾರೆ ಕಪ್ಪಿನ್ಯಾಗ ಚಹಾ ಕೊಡ್ರಿ. ನಾಜಮೀನ ಇಳಿಯುವಾಗ ಬಹಳ ಸಂಕೋಚದಿಂದ, ಸಿನಿಮಾ ಒಂದಿದೆ, ತಪ್ಪು ತಿಳಿಯಬೇಡಿ ಎಂದು ಕೇಳಿದ್ದಳು. ಅವನು ಹತ್ತು ದಿನ ರಜೆ ಹಾಕಿದ.

ಕತೆಯನ್ನು ನಿರ್ದೇಶಕನೇ ಅವನಿಗೆ ಹೇಳಿದ್ದ. ನೂರೆಪ್ಪತ್ತು ವರ್ಷಗಳ ಹಿಂದೆ ಈ ಸೀಮೆಗೆ ಜನರ ಆಯುಧಗಳನ್ನು ಕಿತ್ತುಕೊಳ್ಳಲು ಬಂದ ಹಾರ್ಲಿ ಎಂಬ ಇಂಗ್ಲಿಷ್ ಅಧಿಕಾರಿ ಇಲ್ಲಿಯ ಮಾತು ಕಲಿಯುತ್ತಾನೆ, ರೊಟ್ಟಿ ತಿನ್ನುತ್ತಾನೆ, ಧೋತರ ಉಡುತ್ತಾನೆ. ಜನ ಅವನನ್ನು ತಮ್ಮವನೆಂದು ಒಪ್ಪಿಕೊಳ್ಳುತ್ತಾರೆ. ಒಂದು ದಿನ ಅದೇ ಜನ ಅವನನ್ನು ಕೊಲ್ಲುತ್ತಾರೆ. ಹಾರ್ಲಿಯಾಗಬೇಕಾದ ಇಂಗ್ಲೆಂಡಿನ ನಟ ಬಂದ ಮೂರನೆಯ ದಿನವೇ ಹೊಟ್ಟೆ ಕೆಟ್ಟು ಗದಗಿನ ಲಾಡ್ಜಿನಲ್ಲಿ ಮಲಗಿದ್ದ. ಅವನ ಮುಖದ ಭಾಗವನ್ನು ಆಮೇಲೆ ತೆಗೆದರಾಯಿತು, ಕೈ, ಬೆನ್ನು, ದೂರದ ನಡಿಗೆ ಬೀರಲಿಂಗನದು. ಬಿಳಿಯನೊಬ್ಬ ನಿಮ್ಮವನಾಗಬಲ್ಲನೇ ಎಂಬುದೇ ನನ್ನ ಪ್ರಶ್ನೆ ಎಂದಿದ್ದ ನಿರ್ದೇಶಕ. ಬೀರಲಿಂಗ ತಲೆಯಾಡಿಸಿದ್ದ. ನಮ್ಮವನೇ ಒಬ್ಬ ಬಿಳಿಯನಾದರೆ ಎಂಬ ಇನ್ನೊಂದು ಪ್ರಶ್ನೆಯೂ ಇದೆಯಲ್ಲ ಎಂದು ಅವನಿಗೆ ಹೊಳೆದದ್ದು ಮಾರನೆಯ ದಿನ, ಮೇಕಪ್ಪಿನವನು ಅವನ ಮುಂಗೈಗೆ ಕೆಂಪು ಪುಡಿ ತಿಕ್ಕುವಾಗ. "ಇಷ್ಟು ಬಿಳಿ ಇರೂದಿಲ್ರಿ ಬಿಳೇ ಮಂದಿ," ಎಂದಿದ್ದ ಅವನು, "ಒಂಚೂರು ಕೆಂಪು ಹಚ್ಚಿದ್ರ ಖರೇ ಕಾಣ್ತೀರಿ." ದೂರದಿಂದ ಮುಖ ಸುಳಿದರೂ ಇರಲಿ ಎಂದು ಕಣ್ಣಿಗೆ ನೀಲಿ ಮಸೂರ ಇಟ್ಟರು. ತಲೆಗೆ ಕಂದು ಕೂದಲು. ಕನ್ನಡಿಯಲ್ಲಿ ಕಂಡವನನ್ನು ನೋಡಿ ಬೀರಲಿಂಗ ಹೆದರಲಿಲ್ಲ. ಹೆದರದೇ ಇದ್ದದ್ದಕ್ಕೆ ಸ್ವಲ್ಪ ಹೆದರಿದ. ಅವನ ನಿಜವಾದ ಮುಖಕ್ಕೆ ಇಪ್ಪತ್ತು ವರ್ಷಗಳಿಂದ ಇಲ್ಲದ ಒಂದು ಹೊಂದಿಕೆ ಈ ಮುಖಕ್ಕಿತ್ತು. ಇದನ್ನು ನೋಡಿ ಯಾರೂ ‘ಏನಾತು’ ಎಂದು ಕೇಳುವುದಿಲ್ಲ.

ಹದಿನೆಂಟನೆಯ ಸಲಕ್ಕೆ ಹೊಸ ರೊಟ್ಟಿ ಬಂತು. ಕೈ ಚಾಚುವ ಮುಂಚೆ ಅವನಿಗೆ ಬಸ್ಸು ನೆನಪಾಯಿತು. ಜನ ಅವನ ಕೈಯಿಂದ ಟಿಕೆಟ್ ತೆಗೆದುಕೊಳ್ಳುವ ರೀತಿ. ತುದಿಯನ್ನಷ್ಟೇ ಎರಡು ಉಗುರಿನಲ್ಲಿ ಹಿಡಿದು, ಅವನ ಬೆರಳು ತಾಕದ ಹಾಗೆ ಎಳೆದು, ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕ್ಷಣಹೊತ್ತು ಗಾಳಿಯಲ್ಲಿ ಹಿಡಿದಿರುತ್ತಿದ್ದ ರೀತಿ. ಅವನು ರೊಟ್ಟಿಯ ಅಂಚನ್ನು ಹಾಗೆಯೇ ಹಿಡಿದ. ಎರಡು ಉಗುರಿನಲ್ಲಿ. ಎಳೆದ. ರೊಟ್ಟಿ ಅಡ್ಡಾದಿಡ್ಡಿ ಹರಿಯಿತು, ಚೂರು ಕಂಬಳಿಯ ಮೇಲೆ ಬಿತ್ತು. ನಿರ್ದೇಶಕ ಎದ್ದುನಿಂತು ಚಪ್ಪಾಳೆ ತಟ್ಟಿದ. ಸುತ್ತಲಿದ್ದವರೂ ತಟ್ಟಿದರು. ಬಿದ್ದ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಳ್ಳಬೇಕೆಂದು ಬೀರಲಿಂಗನ ಕೈ ಮುಂದೆ ಬಂತು, ಆದರೆ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಆಮೇಲೆ ಅದರ ಮೇಲೆ ಯಾರೋ ವೈರು ಎಳೆದುಕೊಂಡು ಹೋದರು.

ಜನಜಂಗುಳಿಯ ದೃಶ್ಯಗಳಿಗೆಂದು ಹೊಳೆಮಣ್ಣೂರ, ಮೆಣಸಗಿಯಿಂದ ದಿನಾ ಎರಡು ಟೆಂಪೋ ಹೆಂಗಸರು ಬರುತ್ತಿದ್ದರು. ಹೊಳೆದಂಡೆಯ ಊರಿನವರು, ಅವನ ಬಸ್ಸು ಆ ಕಡೆ ಹೋಗುವುದಿಲ್ಲ. ಹಾರ್ಲಿಗೆ ಮೊದಲು ರೊಟ್ಟಿ ಕೊಡುವ ಮುದುಕಿಯ ಪಾತ್ರ ಕರೆವ್ವನದು. ಅರವತ್ತೈದು ದಾಟಿದ ಹೆಂಗಸು, ವಾಡೆಯ ಹಿಂದಿನ ಒಲೆಯಲ್ಲಿ ಆ ರೊಟ್ಟಿಗಳನ್ನು ಖರೇ ಬಡಿದವಳೂ ಅವಳೇ. ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಬಂದ ಬೀರಲಿಂಗನಿಗೆ ಬಾಯಿ ಒಣಗಿತ್ತು. ಅವಳ ಪಕ್ಕದಲ್ಲಿ ತಂಬಿಗೆ ಇತ್ತು. "ಯವ್ವಾ, ಒಂದೀಟ ನೀರ ಕೊಡ," ಅಂದ.

ಕರೆವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಅವ್ವಯ್ಯ! ನೋಡ್ರೇ ಇಲ್ಲೆ, ಎಷ್ಟ ಚಂದ ಕಲ್ತಾನ ನಮ್ಮ ಮಾತ! ನಮ್ಮ ಮೊಮ್ಮಕ್ಕಳಿಗೂ ಹಿಂಗ ಬರಂಗಿಲ್ಲ."

ಹಾಗಲ್ಲವ್ವಾ, ನಾ ರೋಣದಂವ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಕೈ ಹಿಡಿದುಬಿಟ್ಟಳು. ತಂಬಿಗೆ ಕೊಡುವ ನೆವದಲ್ಲಲ್ಲ, ಸುಮ್ಮನೆ. ಎರಡೂ ಕೈಗಳಲ್ಲಿ ಅವನ ಒಂದು ಕೈಯನ್ನು ತೆಗೆದುಕೊಂಡು, ತಿರುವಿ, ಅಂಗೈಯನ್ನು ಹೆಬ್ಬೆರಳಿನಿಂದ ಸವರಿದಳು. "ಹುಟ್ಟಿದ ಕೂಸಿನ ಕೈ ಆದಂಗ ಐತಿ. ಎಲ್ಲಿ ಊರ, ಎಲ್ಲಿ ಸೀಮಿ, ಯಾ ತಾಯಿ ಮಗನೋ ಏನೋ," ಎಂದು ಅವನ ತಲೆಯ ಸುತ್ತ ಕೈ ಇಳಿಸಿ ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಚಟಪಟ ಅಂದವು. ಅವಳ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು, ಜೋಳದ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಬೀರಲಿಂಗ ಲೆಕ್ಕ ಹಾಕಲು ಹೋಗಿ ಬಿಟ್ಟ. ಹೆಂಡತಿಯನ್ನು ಬಿಟ್ಟು ಬೇರೆ ಯಾರಾದರೂ ತಾವಾಗಿ ಅವನನ್ನು ಮುಟ್ಟಿ ಎಷ್ಟು ವರ್ಷವಾಗಿತ್ತು? ತೀರಿಕೊಂಡ ತಾಯಿ ಕೂಡ ಕೊನೆಕೊನೆಗೆ ಸೆರಗಿನ ಮೇಲಿಂದ ಅವನ ತಲೆ ನೇವರಿಸುತ್ತಿದ್ದಳು.

"ಸ್ವಲ್ಪ," ಅಂದ ಅವನು. ಧ್ವನಿ ಅವನದಾಗಿರಲಿಲ್ಲ. "ನನಗೆ... ಸ್ವಲ್ಪ... ಕನ್ನಡ... ಗೊತ್ತು."

ಅಲ್ಲಿಂದ ಆರಂಭವಾಯಿತು. ಆಮೇಲಿನ ನಾಲ್ಕು ದಿನ ಅವನು ಕರೆವ್ವನ ಜೊತೆ ಮುರಿದ ಕನ್ನಡದಲ್ಲೇ ಮಾತಾಡಿದ. ಒಂದೊಂದು ಶಬ್ದವನ್ನೂ ಹುಡುಕುವವನಂತೆ ನಿಂತು ನಿಂತು, ಕೆಲವನ್ನು ತಪ್ಪಾಗಿ. ಮೊದಮೊದಲು ಬಾಯಿಗೆ ಬಂದದ್ದನ್ನು ತಡೆದು ಇನ್ನೊಂದನ್ನು ಜೋಡಿಸಬೇಕಾಗುತ್ತಿತ್ತು. ಮೂರನೆಯ ದಿನ ತಡೆಯುವ ಕೆಲಸ ತಾನಾಗಿಯೇ ನಿಂತಿತು; ಶಬ್ದವೇ ತಡವಾಗಿ ಬರತೊಡಗಿತು. ಅವಳು ಕಲಿಸುತ್ತಿದ್ದಳು, ಇದು ಬೇವು, ಇದು ನೀರಿನ ಚರಗಿ, ಇದು ಖಾರದ ಹಿಂಡಿ, ನಾಲಿಗಿ ಸುಟ್ಟೀತು, ಸಣ್ಣಗ ತಿನ್ನು. ಅವನು ಅವಳ ಹಿಂದೆಯೇ ಹೇಳುತ್ತಿದ್ದ. ದೂರದಿಂದ ನಾಜಮೀನ ಇದನ್ನು ನೋಡಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

ನಾಲ್ಕನೆಯ ದಿನ ಕರೆವ್ವ ಅತ್ತಿತ್ತ ನೋಡಿ ಸ್ವಲ್ಪ ಹತ್ತಿರ ಸರಿದಳು. "ನಿನಗ ಪೂರಾ ತಿಳಿಯಂಗಿಲ್ಲ, ಅದಕ್ಕ ಹೇಳ್ತೀನಪಾ," ಅಂದಳು. "ನಮ್ಮ ಮಂದಿ ಮುಂದ ಹೇಳಾಕ ಆಗಂಗಿಲ್ಲ. ದೊಡ್ಡ ಹೊಳಿ ಬಂದಾಗ ನಮ್ಮತ್ತಿ ಒಳಗಿದ್ಲು. ಕಾಲು ಹೋಗಿದ್ವು ಆಕೀವು. ನೀರು ಹೊಸ್ತಿಲ ದಾಟಿತ್ತು. ಆಕಿ ಕರ್ಯಾಕತ್ತಿದ್ಲು, ಕರೀ, ಕರೀ ಅಂತ. ನಾ ಮೊದಲ ಎಮ್ಮಿ ಬಿಚ್ಚಿದೆ." ಸೀರೆಯ ಮೇಲೆ ಬಿದ್ದ ಬೇವಿನ ಎಲೆ ಕೊಡವಿ ಮುಂದುವರಿಸಿದಳು. "ಅತ್ತಿ ಉಳದ್ಲು. ಮಂದಿ ಬಂದು ಹೊತ್ಕೊಂಡು ಹೋದ್ರು. ಆರು ವರ್ಷ ಬದುಕಿದ್ಲು ಆಮ್ಯಾಲೆ. ನನ್ನ ಕೈಯಾಗ ಉಂಡ್ಲು, ಆದರ ನನ್ನ ಮಾರಿ ನೋಡ್ಲಿಲ್ಲ. ಯಾರ ಮುಂದೂ ಹೇಳ್ಲಿಲ್ಲ. ಹೇಳಿದ್ರ ಚಲೋ ಇತ್ತು." ಪ್ರತಿಯೊಂದು ಮಾತೂ ಬೀರಲಿಂಗನಿಗೆ ಮುಟ್ಟಿತು, ಕರೀ, ಕರೀ ಎಂದ ಧ್ವನಿ ಹೇಗಿತ್ತೆಂಬುದೂ ಮುಟ್ಟಿತು. ಅವನು ಏನೂ ತಿಳಿಯದವನ ನಗೆಯನ್ನು ನಕ್ಕು, "ಎಮ್ಮೆ... ಒಳ್ಳೆಯದು," ಅಂದ. ಕರೆವ್ವ ಕಣ್ಣೊರೆಸಿಕೊಂಡು ಹಗುರಾದವಳಂತೆ ನಕ್ಕಳು. ಕದ್ದ ಸಾಮಾನನ್ನು ಅಂಗಿಯೊಳಗೆ ಇಟ್ಟುಕೊಂಡವನ ಹಾಗೆ ಅವನು ಆ ಮಧ್ಯಾಹ್ನವಿಡೀ ಎದೆಯ ಮೇಲೆ ಕೈಯಿಟ್ಟುಕೊಂಡು ಓಡಾಡಿದ.

ಅದೇ ದಿನ ಮೂರು ಗಂಟೆಗೆ ಸ್ನಾನದ ದೃಶ್ಯ. ಹಾರ್ಲಿ ಬಾವಿಕಟ್ಟೆಯ ಮೇಲೆ ಊರಿನವರಂತೆ ಕೂತು ನೀರು ಸುರಿದುಕೊಳ್ಳಬೇಕು, ಕ್ಯಾಮೆರಾ ಬೆನ್ನ ಹಿಂದೆ. ಅಂಗಿ ಬಿಚ್ಚಿದಾಗ ಮೇಕಪ್ಪಿನವನು, "ಇಲ್ಲೇನ್ರಿ ಇದು, ಕಲೆ?" ಎಂದ. ಎಡ ಹೆಗಲಿನ ಕೆಳಗೆ, ವೀಳ್ಯದೆಲೆಯಷ್ಟು ಅಗಲಕ್ಕೆ, ಕಂದು ಬಣ್ಣದ ಜಾಗ. ಬೀರಲಿಂಗ ಕತ್ತು ತಿರುಗಿಸಿ ನೋಡಲು ಹೋದ. ಅದು ಇನ್ನೂ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಔಷಧದ ಎಣ್ಣೆ ಹಚ್ಚಿ ಬೆಳಗಿನ ಬಿಸಿಲಿನಲ್ಲಿ ನಿಲ್ಲುತ್ತಿದ್ದ ದಿನಗಳಲ್ಲಿ ಹೆಂಡತಿ ಅನ್ನಪೂರ್ಣಾ ಹಿಂದಿನಿಂದ ನೋಡಿ ಹೇಳುತ್ತಿದ್ದಳು, ಅದ ಐತ್ರಿ, ಅಲ್ಲೇ ಐತಿ. ಮುಖ ಹೋಯಿತು, ಕೈ ಹೋದವು, ಮೊಣಕೈ ಹೋಯಿತು; ಅದು ಐತ್ರಿ. ಅವನಿಗೆ ಕಾಣದ, ಕೈಗೆ ಎಟುಕದ ಆ ಒಂದು ಕಡೆಯಲ್ಲಿ ಅವನ ಮೊದಲಿನ ಮೈ ಉಳಿದಿತ್ತು, ಅದನ್ನು ನೋಡಿದವಳು ಅವಳೊಬ್ಬಳೇ. ಒಂದು ದಿನ ಎಣ್ಣೆಯ ಬಾಟಲಿಯನ್ನು ಅವನು ಗೋಡೆಗೆ ಬೀಸಿ ಒಗೆದ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು, ಅವನು ಕೇಳುವುದನ್ನು ಬಿಟ್ಟ. ಹೋಗಿರಬೇಕು ಎಂದುಕೊಂಡಿದ್ದ. ಈಗ ಮೇಕಪ್ಪಿನವನ ತಣ್ಣಗಿನ ಸ್ಪಂಜು ಅದರ ಮೇಲೆ ಮೂರು ಸಲ ಓಡಿತು. "ಆತ್ರಿ, ಈಗ ಕ್ಲೀನ್." ನೀರು ಸುರಿದರೂ ಹೋಗದ ಬಣ್ಣ ಅದು ಎಂದ.

ಮರುದಿನ ಮಧ್ಯಾಹ್ನ ಅನ್ನಪೂರ್ಣಾ ಬಂದಳು. ಶೂಟಿಂಗಿನ ಅನ್ನ ಒಗ್ಗುತ್ತಿಲ್ಲವೆಂದು ಅವನು ಹಿಂದಿನ ದಿನ ಸುಮ್ಮನೆ ಅಂದಿದ್ದ. ಅವಳು ರೋಣದಿಂದ ಬಸ್ಸು ಹತ್ತಿ ಬುತ್ತಿ ತಂದಿದ್ದಳು. ಅವನು ಬೇವಿನ ನೆರಳಿನಲ್ಲಿ ಕರೆವ್ವನ ಪಕ್ಕ ಕೂತಿದ್ದ. ನೀಲಿ ಮಸೂರದ ಅಂಚಿನ ಮಸುಕಿನಲ್ಲಿ ಮೊದಲು ಒಂದು ಹಸಿರು ಸೀರೆ ಕಂಡಿತು, ಆಮೇಲೆ ಅದು ಹೆಂಡತಿಯಾಯಿತು. ಹಿಂದೆ ಬಿಳುಪು ಹರಡತೊಡಗಿದ ವರ್ಷ ಅವಳ ತವರಿನವರು ಕರೆಯಲು ಬಂದು ಮೂರು ದಿನ ಕೂತಿದ್ದರು. ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳದೆಯೇ ಅದು ಅವನ ಮೇಲೆ ಹೊರೆಯಾಗಿ ಕೂತಿತ್ತು. ಅವನ ಎರಡೂ ಮೈಗಳನ್ನು ಕಂಡವಳು ಅವಳು. ಕೆಲವು ಬೆಳಗು, ಅವಳು ಇರದಿದ್ದರೆ ಮೊದಲಿನದು ಇತ್ತೆಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ, ಹಗುರಾಗಿರಬಹುದು ಎಂದು ಅವನಿಗೆ ಅನಿಸಿದ್ದುಂಟು.

"ಇಲ್ಲೇ ಅದೀರೇನ್ರಿ? ಬುತ್ತಿ ತಂದೀನಿ," ಅಂದಳು ಅನ್ನಪೂರ್ಣಾ.

ಕರೆವ್ವ ತಲೆಯೆತ್ತಿದಳು. "ಯಾರವ್ವಾ ನೀ? ಇವಗ ನಮ್ಮ ಮಾತು ಭಾಳ ತಿಳಿಯಂಗಿಲ್ಲ. ಪರದೇಶದಂವ ಅದಾನ."

ಅನ್ನಪೂರ್ಣಾ ನಕ್ಕು ಗಂಡನ ಕಡೆ ನೋಡಿದಳು. ಅವನೂ ನಗುತ್ತಾನೆಂದು ಕಾದಳು. ಕರೆವ್ವನ ಕೈ ಅವನ ಮಣಿಕಟ್ಟಿನ ಮೇಲಿತ್ತು. "ಈಕಿ ನಿನಗ ಗೊತ್ತೇನಪಾ?" ಎಂದು ಅವಳು ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದಳು. ಬೀರಲಿಂಗನಿಗೆ ಹೆಂಡತಿಯ ಮುಖಕ್ಕಿಂತ ಆ ಕೈಯ ಭಾರ ಹೆಚ್ಚು ಸ್ಪಷ್ಟವಾಗಿತ್ತು. ಇನ್ನೊಂದು ಗಳಿಗೆಯಲ್ಲಿ ಆ ಕೈ ಸರಿಯುತ್ತದೆ, ಸೆರಗಿಗೆ ಒರೆಸಿಕೊಳ್ಳುತ್ತದೆ, ಬಸ್ಸಿನಲ್ಲಿ ಅವನು ದಿನಾ ನೋಡುವ ಹಾಗೆ.

"ಇಲ್ಲ," ಅಂದ. "ನನಗೆ... ಇವರು... ಗೊತ್ತಿಲ್ಲ."

ಅನ್ನಪೂರ್ಣಾಳ ನಗು ಒಮ್ಮೆಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಮುಖದ ಮೇಲೆ ಇದ್ದು ಆಮೇಲೆ ಹೋಯಿತು. ಅವಳು ಅವನ ಕೈ, ಕರೆವ್ವನ ಕೈ, ನೀಲಿ ಕಣ್ಣು ಎಲ್ಲವನ್ನೂ ಒಂದೊಂದಾಗಿ ನೋಡಿದಳು. "ತಪ್ಪಾತ್ರಿ ಸಾಹೇಬರ," ಅಂದಳು. "ನಮ್ಮನಿಯವರೂ ಹಿಂಗ ಅದಾರ. ದೂರಿಂದ ಹಂಗ ಕಂಡ್ರಿ." ಬುತ್ತಿಯ ಗಂಟನ್ನು ಕರೆವ್ವನ ಮುಂದಿಟ್ಟು, "ನೀವ ಉಣ್ರಿ ಯವ್ವಾ, ಹೊತ್ಕೊಂಡು ಹೋಗೂದ ಬ್ಯಾಡ," ಎಂದು ತಿರುಗಿ ನಡೆದಳು. ಅವಳ ಹಿಮ್ಮಡಿಗೆ ಧೂಳು ಮೆತ್ತಿತ್ತು. ಕರೆವ್ವ ಗಂಟು ಬಿಚ್ಚಿದಳು. ಬಿಸಿ ಆರದ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು. "ಪಾಪ, ಯಾ ಗಂಡಗ ತಂದಿದ್ಲೋ. ನೀನೂ ತಿನ್ನು ಬಾ," ಅಂದಳು. ಅವನು ತಿಂದ. ಎರಡು ಉಗುರಿನಲ್ಲಿ ಅಂಚು ಹಿಡಿದು, ಅಡ್ಡಾದಿಡ್ಡಿ ಹರಿದು. ಹಿಂಡಿಗೆ ಕಣ್ಣಲ್ಲಿ ನೀರು ಬಂತು. ಕರೆವ್ವ ಬೆನ್ನು ತಟ್ಟಿ ನಕ್ಕಳು, "ಖಾರ ಹತ್ತಿತು ಸಾಹೇಬಗ!"

ಸಂಜೆ ರೋಣದಲ್ಲಿ ಬಸ್ಸಿಳಿದು ಮನೆಯ ಓಣಿಗೆ ತಿರುಗುವಾಗ ಅವನು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ. ಶೂಟಿಂಗ್ ನಡೆದಿತ್ತು, ನಡುವೆ ಮಾತಾಡುವ ಹಾಗಿರಲಿಲ್ಲ. ಬಾಗಿಲು ತೆರೆದೇ ಇತ್ತು. ಅನ್ನಪೂರ್ಣಾ ದೇವರ ಮುಂದೆ ದೀಪ ಹಚ್ಚಿ, ಅವನಿಗೆ ಕಾಲಿಗೆ ನೀರಿಟ್ಟು, ತಾಟು ಹಾಕಿದಳು. ಎಲ್ಲವೂ ದಿನದಂತೆಯೇ. ಅವನು ಕೂತು ರೊಟ್ಟಿಗೆ ಕೈ ಹಾಕಿದ. ಬೆರಳುಗಳು ಅಂಚಿನ ಮೇಲೆ ಬಂದು ನಿಂತವು. ಹೆಬ್ಬೆರಳು ಎಲ್ಲಿರಬೇಕು? ಮೊದಲು ಒತ್ತುವುದೋ ಮೊದಲು ಎಳೆಯುವುದೋ? ಕ್ಯಾಮೆರಾದ ಮುಂದೆ ಹದಿನೇಳು ಸಲ ಬೇಡವೆಂದರೂ ಬಂದ ಕೆಲಸ ಈಗ ಕರೆದರೂ ಬರಲಿಲ್ಲ. ಹಿಡಿದ, ಹರಿದ, ಚೂರು ನೆಲಕ್ಕೆ ಬಿತ್ತು. ಅವಳು ನೋಡುತ್ತಿದ್ದಳು. ಅವನು ಕೈಯನ್ನು ತೊಡೆಯ ಕೆಳಗೆ ಸೇರಿಸಿದ.

"ಅಲ್ಲೆ ಶೂಟಿಂಗ್... ನಡೆದಿತ್ತು," ಅಂದ. ಶಬ್ದಗಳ ನಡುವೆ ತಾನೇಕೆ ನಿಲ್ಲುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ.

"ಕ್ಯಾಮೆರಾ ಇರಲಿಲ್ಲಲ್ರಿ."

"ಆ ಮುದುಕಿ... ಆಕಿ... ನನ್ನ ಕೈ..." ಮುಂದಿನ ಶಬ್ದ ಸಿಗಲಿಲ್ಲ. ಬೆನ್ನ ಮೇಲೆ ಅದು ಐತೇನು ನೋಡು, ಬಣ್ಣ ಹಚ್ಯಾರ, ಒರೆಸಿ ನೋಡು ಎಂದು ಕೇಳಬೇಕೆಂದುಕೊಂಡು ಬಸ್ಸಿನುದ್ದಕ್ಕೂ ಬಂದಿದ್ದ. ಈಗ ಈ ಹೆಂಗಸಿನ ಮುಂದೆ ಅಂಗಿ ಬಿಚ್ಚಲು ಅವನಿಗೆ ನಾಚಿಕೆಯಾಯಿತು, ಪರಸ್ತ್ರೀಯ ಮುಂದೆ ಆಗುವಂಥ ನಾಚಿಕೆ.

ಅನ್ನಪೂರ್ಣಾ ಬಿದ್ದ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಂಡು ತಾಟಿನ ಅಂಚಿಗಿಟ್ಟಳು. "ನಾಳೆ ಗಜೇಂದ್ರಗಡದ ಗುಡ್ಡದ ಮ್ಯಾಲೆ ಐತಂತಲ್ರಿ. ಹೆಣಮಕ್ಕಳು ಕಮ್ಮಿ ಬಿದ್ದಾರಂತ. ಆ ನಾಜಮೀನ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ಲು, ಕೇಳಿದ್ಲು. ನಾನೂ ಬರ್ತೀನಿ."

"ನೀ ಯಾಕ?"

"ನೋಡೂನು," ಅಂದಳು ಅವಳು, ಇನ್ನೊಂದು ರೊಟ್ಟಿ ಬಡಿಸುತ್ತ. "ಸಾಹೇಬ ಹ್ಯಾಂಗ ಸಾಯ್ತಾನ ಅಂತ."

ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ಎಲ್ಲಿ ಕ್ಯಾಮೆರಾ ಇಟ್ಟರೂ ಯಾವುದೋ ಮೂಲೆಯಲ್ಲಿ ಗಾಳಿಯಂತ್ರದ ಒಂದು ರೆಕ್ಕೆ ಬಂದು ಇಣುಕುತ್ತಿತ್ತು. ಅದನ್ನು ತಪ್ಪಿಸಲು ಹೋಗಿ ಹನ್ನೊಂದು ಗಂಟೆಯಾಯಿತು. ಕೊಲ್ಲುವ ದೃಶ್ಯ ಬೇಗ ಮುಗಿಯಿತು. ಹಳೆಯ ಕಾಲದ ಪಟಗ ಸುತ್ತಿದ ನಲವತ್ತು ಗಂಡಸರು ರಬ್ಬರಿನ ಬಡಿಗೆ ಹಿಡಿದು ಅವನ ಮೇಲೆ ಬಿದ್ದರು. ನೋವಾಗಲಿಲ್ಲ. ಒಬ್ಬ ಮಾತ್ರ ಕಿವಿಯ ಹತ್ತಿರ ಬಾಗಿ, ನಿರ್ದೇಶಕ ಹೇಳಿಕೊಡದ ಒಂದು ಬೈಗುಳವನ್ನು ಬಹಳ ಮೆಲ್ಲಗೆ, ಬಹಳ ಮನಸ್ಸಿಟ್ಟು ಬೈದ. ಆಮೇಲೆ ಅವನನ್ನು ಬಂಡೆಯ ಮೇಲೆ ಅಂಗಾತ ಮಲಗಿಸಿ ಎದೆಗೆ, ಹಣೆಗೆ ಕೆಂಪು ಪಾಕ ಸುರಿದರು. ಮುಂದಿನದು ಒಂದೇ ಉದ್ದನೆಯ ಶಾಟ್. ಗಂಡಸರು ಓಡಿಹೋಗಿದ್ದಾರೆ. ಹೆಂಗಸರು ಹೆಣದ ಸುತ್ತ ನಿಂತಿದ್ದಾರೆ. ಯಾರೂ ಅಳುವುದಿಲ್ಲ, ಮಾತಾಡುವುದಿಲ್ಲ, ಗಾಳಿಯ ಸದ್ದು ಮಾತ್ರ. ಅವನು ಅವರವನೋ ಅಲ್ಲವೋ ಎಂಬುದು ಆ ಮೌನದಲ್ಲಿ ತಿಳಿಯಬೇಕು ಎಂದ ನಿರ್ದೇಶಕ. ನಾಜಮೀನ ಅದನ್ನು ಹೆಂಗಸರಿಗೆ, "ಸುಮ್ಮನ ನಿಂದರ್ರಿ, ಅಷ್ಟ," ಎಂದು ಹೇಳಿದಳು.

ಬೀರಲಿಂಗ ಕಣ್ಣು ಮುಚ್ಚಿದ. ರೆಪ್ಪೆಯ ಮೇಲೆ ಬಿಸಿಲು ಬಿದ್ದಿತ್ತು. ಸಕ್ಕರೆ ಪಾಕಕ್ಕೆ ಇರುವೆಗಳು ಬಂದು ಕುತ್ತಿಗೆಯ ಮೇಲೆ ಹರಿಯತೊಡಗಿದವು. ಉಸಿರನ್ನು ಹೊಟ್ಟೆಯಲ್ಲಿ ಸಣ್ಣಗೆ ಬಿಡಬೇಕು, ಎದೆ ಏಳಬಾರದು. ಸುತ್ತ ಸೀರೆಗಳು ಪಟಪಟಿಸುತ್ತಿದ್ದವು. ಸತ್ತವನಾಗಿರುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಬೇಕಾದರೆ ಹೀಗೆಯೇ ಉಳಿದುಬಿಡಬಹುದು. ಆಗ ಬಳೆಯ ಸದ್ದಾಯಿತು. ಯಾರೋ ಸಾಲಿನಿಂದ ಹೊರಬಂದು ಅವನ ತಲೆಯ ಹತ್ತಿರ ಕೂತರು. ಮೊಣಕಾಲು ಕಲ್ಲಿಗೆ ತಾಕಿದ ಸದ್ದು. ನಿರ್ದೇಶಕ ನಿಲ್ಲಿಸಲಿಲ್ಲ, ಅವನಿಗೆ ಇದು ಹಿಡಿಸಿರಬೇಕು.

"ಬೀರಲಿಂಗಾ."

ಮೆಲುದನಿ. ಅಳು ಇರಲಿಲ್ಲ ಅದರಲ್ಲಿ. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅನ್ನಪೂರ್ಣಾ ಒಮ್ಮೆಯೂ ಗಂಡನ ಹೆಸರು ಹೇಳಿರಲಿಲ್ಲ. ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ ಯಾರಾದರೂ ಕೇಳಿದರೆ ಕಾರ್ಡು ಮುಂದೆ ಚಾಚುತ್ತಿದ್ದಳು. ತನ್ನ ಹೆಸರು ಆ ಧ್ವನಿಯಲ್ಲಿ ಹೇಗೆ ಕೇಳುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅದು ಬೇರೆ ಯಾರದೋ ಹೆಸರಿನಂತಿತ್ತು, ಸತ್ತುಹೋದ ಯಾರದೋ. ಅವಳು ಈಗ ಅದನ್ನು ಹೇಳಬಹುದು, ಇವನು ಅವಳಿಗೆ ಗಂಡನಲ್ಲ. ನಿನ್ನೆ ಅವನೇ ಹೇಳಿದ್ದಾನೆ.

"ಬೀರಲಿಂಗಾ," ಎರಡನೆಯ ಸಲ, ಸ್ವಲ್ಪ ಗಟ್ಟಿಯಾಗಿ. ಸುತ್ತ ನಿಂತವರಲ್ಲಿ ಪಿಸುಮಾತು ಎದ್ದಿತು. ಅವನ ಗಂಟಲಲ್ಲಿ ಏನೋ ಹೊರಳಿತು. ಅದು ಎಲ್ಲಿಂದ ಬರುತ್ತಿದೆ ಎಂದು ಅವನು ಗಾಬರಿಯಿಂದ ಗಮನಿಸಿದ, ಹಲ್ಲು ಕಚ್ಚಿದ. ಹೆಣ ಮಾತಾಡಬಾರದು.

"ಬೀರಲಿಂಗಾ!"

"ಓ," ಅಂದ ಅವನು.

ಓಣಿಯ ಆ ತುದಿಯಿಂದ ಕರೆದವರಿಗೆ ಕೊಡುವಂಥ ಓ, ದೊಡ್ಡದು, ಪೂರ್ಣವಾದದ್ದು. ಹೆಂಗಸರು ಚೀರಿ ಹಿಂದೆ ಸರಿದರು. ನಿರ್ದೇಶಕ ಕೈ ಮೇಲೆತ್ತಿ ಕಟ್ ಎಂದು ಕೂಗಿದ. ಬೀರಲಿಂಗ ಎದ್ದು ಕೂತ. ಹಣೆಯ ಪಾಕ ಕಣ್ಣಿಗಿಳಿಯಿತು, ತೋಳಿನಿಂದ ಒರೆಸಿಕೊಂಡು, "ಏನ ಇದು, ಹಿಂಗ್ಯಾಕ ಕರದಿ? ಎದಿ ಹಾರಿಹೋತಲ್ಲ ನಂದು," ಎಂದು ಹೆಂಡತಿಗೆ ಅಂದ. ನಿಲ್ಲದೆ, ಹುಡುಕದೆ, ಒಂದೇ ಉಸಿರಿನಲ್ಲಿ. ಎದುರಿಗೆ ಕರೆವ್ವ ನಿಂತಿದ್ದಳು.

ಅವಳು ಮೊದಲು ನಕ್ಕಳು, ಹೆಣ ಎದ್ದದ್ದಕ್ಕೆ. ಆಮೇಲೆ ಅವನ ಮಾತು ಅವಳನ್ನು ಮುಟ್ಟಿತು. ಅವಳು ಅವನ ಬಾಯಿಯನ್ನು ನೋಡಿದಳು. ನಿನ್ನೆ, ಮೊನ್ನೆ, ಬೇವಿನ ನೆರಳು, ಎಮ್ಮೆ, ಅತ್ತೆ ಎಲ್ಲವೂ ಒಂದರ ಹಿಂದೊಂದು ಆ ಮುಖದ ಮೇಲೆ ಹಾದುಹೋದದ್ದನ್ನು ಅವನು ನೋಡಿದ.

"ನಿನಗ ಎಲ್ಲಾ ತಿಳೀತಿತ್ತು," ಅಂದಳು.

"ಯವ್ವಾ, ನಾ ಯಾರ ಮುಂದೂ..."

"ಎಲ್ಲಾ ತಿಳೀತಿತ್ತು ನಿನಗ." ಕರೆವ್ವ ಬೈಯಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದೆ ಹಿಂದೆ ಹೋಗಿ ಹೆಂಗಸರ ಸಾಲಿನ ಕೊನೆ ಸೇರಿದಳು. ಅಲ್ಲಿಂದ ಅವಳ ಮುಖ ಕಾಣಲಿಲ್ಲ.

ಬಿಸಿಲು ಹೋಗುವುದರೊಳಗೆ ಇನ್ನೊಮ್ಮೆ ತೆಗೆಯಬೇಕಿತ್ತು. ಪಾಕ ಮತ್ತೆ ಸುರಿದರು. ನಾಜಮೀನ ಅನ್ನಪೂರ್ಣಾಳ ಕಿವಿಯಲ್ಲಿ ಏನೋ ಹೇಳಿದಳು, ಅನ್ನಪೂರ್ಣಾ ತಲೆಯಾಡಿಸಿ ಸಾಲಿಗೆ ಹೋಗಿ ನಿಂತಳು. ಬೀರಲಿಂಗ ಮಲಗಿ ಕಣ್ಣು ಮುಚ್ಚಿದ. ಗಾಳಿ, ಸೀರೆಗಳ ಸದ್ದು, ಇರುವೆ. ಈ ಸಲ ಸುಲಭವಾಗಿರಲಿಲ್ಲ. ಕಿವಿ ತಾನಾಗಿಯೇ ಬಳೆಯ ಸದ್ದಿಗೆ ಕಾಯುತ್ತಿತ್ತು. ಒಬ್ಬರಾದರೂ ಅಳಬಹುದಿತ್ತು, ಬೈಯಬಹುದಿತ್ತು. ನಾಲ್ಕು ನಿಮಿಷ ಯಾರೂ ಕರೆಯಲಿಲ್ಲ. ಕಟ್, ಓಕೆ ಎಂದು ನಿರ್ದೇಶಕ ಮೆಲ್ಲಗೆ ಹೇಳಿದ, ಬಹಳ ತೃಪ್ತಿಯಿಂದ. ಜನ ಚದುರಿದರು. ಟೆಂಪೋಗಳು ಸ್ಟಾರ್ಟ್ ಆದ ಸದ್ದು ಕೆಳಗಿನಿಂದ ಬಂತು, ಹೊಳೆಮಣ್ಣೂರಿನವರು ಹೊರಟರು. ಅವನು ಮಲಗಿಯೇ ಇದ್ದ.

ಬಿಸಿಲಿಗೆ ಒಂದು ನೆರಳು ಅಡ್ಡ ಬಂತು. ಕಣ್ಣು ತೆರೆದ. ಅನ್ನಪೂರ್ಣಾ ತನ್ನ ಸ್ವಂತ ಸೀರೆ ಉಟ್ಟುಕೊಂಡು, ಅವನ ಅಂಗಿಯನ್ನು ತೋಳಿಗೆ ಹಾಕಿಕೊಂಡು ನಿಂತಿದ್ದಳು.

"ಐದರ ಬಸ್ಸಿಗೆ ಹೊತ್ತಾತು. ಏಳ್ರಿ," ಅಂದಳು.

ಅವನು ಅವಳ ಮುಖವನ್ನೇ ನೋಡಿದ. ಆ ‘ರಿ’ ಗಂಡನಿಗೆ ಅಂದದ್ದೋ ಸಾಹೇಬನಿಗೆ ಅಂದದ್ದೋ ತಿಳಿಯಲಿಲ್ಲ. ಅವಳು ಅಂಗಿಯನ್ನು ಕಲ್ಲಿನ ಮೇಲಿಟ್ಟು ಗುಡ್ಡದ ಮೆಟ್ಟಿಲು ಇಳಿಯತೊಡಗಿದಳು. ಅವನು ಎದ್ದು, ಅಂಗಿಯನ್ನು ತೊಟ್ಟುಕೊಳ್ಳುತ್ತ, ಹಿಂದೆ ಹೋದ.